ಮೇಲೆ ಹೋದ ಶರಬತ್ತು

ಶುಬ್ರಾ, ಕೈರೋ
೧೨ ಫೆಬ್ರವರಿ ೧೯೮೭, ಗುರುವಾರ

ನನ್ನ ಬಂಗಾರದ ನೆರ್ಮೀನ್,

ಹೇಗಿದ್ದೀಯಮ್ಮ? ಟ್ಯೂನಿಸ್‌ನಲ್ಲಿ ಸಮುದ್ರದ ಗಾಳಿ ಜೋರಂತೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಓಡಾಡಬೇಡ. ನಿನ್ನ ಕೆಮ್ಮು ನನಗೆ ಗೊತ್ತಿಲ್ಲವೇ, ಒಮ್ಮೆ ಬಂದರೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಎಡಿಟಿಂಗ್ ಕೋಣೆಯಲ್ಲಿ ಕೂತು ಊಟ ಮರೆಯುವ ಚಾಳಿ ಅಲ್ಲಿಯೂ ಮುಂದುವರಿದಿದೆಯೋ? ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದೆ, ಇರಲಿ ಬಿಡು, ಅದನ್ನಾದರೂ ಬೈಯುತ್ತಾ ಕೂರಬಹುದು. ಈ ಮನೆಯಲ್ಲಿ ಬೈಸಿಕೊಳ್ಳುವವರು ಬೇರೆ ಯಾರಿದ್ದಾರೆ?

ಹೊರಡುವ ದಿನ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತು ಕೇಳಿದೆಯಲ್ಲ, “ಬಾಬಾ, ನನ್ನ ಸಿನಿಮಾ ನಿಂಗೆ ಹಿಡಿಸ್ತೋ ಇಲ್ವೋ, ಒಂದೇ ಒಂದು ಮಾತು ಹೇಳು” ಅಂತ. ನಾನು “ಮತ ಹಾಕೋದು ಮುಗೀಲಿ, ಹೇಳ್ತೀನಿ” ಅಂದೆ. “ನಿನ್ನ ಸಂಘಾನೇ ಕಟ್ಕೊಂಡು ಬಾಳು ಹೋಗು” ಅಂದು ನೀನು ದಡದಡ ಮೆಟ್ಟಿಲಿಳಿದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಸಾಲು ಬರೆದಿಲ್ಲ. ನಮ್ಮ ವಿಮರ್ಶಕರ ಸಂಘದ ಕಟ್ಟಳೆ ನಿನಗೆ ಹೊಸದೇನೇ? ವರ್ಷದ ಒಳ್ಳೆಯ ಚಿತ್ರವನ್ನು ಆರಿಸುವವರೆಗೆ ಸ್ಪರ್ಧೆಯಲ್ಲಿರುವ ಯಾವ ಚಿತ್ರದ ಬಗ್ಗೆಯೂ ನಾವು ತುಟಿ ಬಿಚ್ಚುವಂತಿಲ್ಲ, ಮನೆಯವರ ಮುಂದೆಯೂ ಇಲ್ಲ. ನಿನ್ನಮ್ಮ ಪ್ರತಿ ಚಳಿಗಾಲ “ಬಂತು ನೋಡಿ, ಇವರ ಮೂಗರ ತಿಂಗಳು” ಅಂತ ಆಡಿಕೊಳ್ಳುತ್ತಿದ್ದುದು ಮರೆತೆಯಾ? ಕಟ್ಟಳೆ ಸರಿಯಾಗಿಯೇ ಇದೆ. ಈಗಲೂ ಹಾಗೇ ಅನ್ನುತ್ತೇನೆ, ಕೋಪ ಮಾಡಿಕೊಂಡರೆ ಮಾಡಿಕೋ.

ನಿನ್ನೆ ಸಂಘದ ಕಚೇರಿಯಲ್ಲಿ ಮತ ಹಾಕುವ ದಿನ. ನಿನ್ನ ಚಿತ್ರದ ಸರದಿ ಬಂದ ಕೂಡಲೇ ಅಧ್ಯಕ್ಷೆ ಬಹೀಗಾ ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಏಳಪ್ಪಾ ವಗ್ದಿ, ಹೆತ್ತವರಿಗೆ ಇಲ್ಲಿ ಜಾಗ ಇಲ್ಲ” ಅಂದಳು. ಎಲ್ಲರೂ ನಕ್ಕರು. ನಾನು ಕೆಳಗಿನ ಕಾಫಿ ಅಂಗಡಿಗೆ ಇಳಿದು, ಕಚೇರಿಯ ಮೆಟ್ಟಿಲು ಕಾಣುವ ಕುರ್ಚಿ ಹಿಡಿದು ಕೂತೆ. ಅಂಗಡಿಯ ಮಹ್ರೂಸ್ ಗೊತ್ತಲ್ಲ, ನಿನಗೆ ಬಾಲ್ಯದಲ್ಲಿ ಸಕ್ಕರೆ ಉಂಡೆ ಕೊಡುತ್ತಿದ್ದವನು? “ಏನ್ ಮೇಷ್ಟ್ರೇ, ಹೊರಗೆ ಹಾಕಿದ್ರಾ? ಯಾರ ಹತ್ರ ಜಗಳ ತೆಗುದ್ರಿ?” ಅಂದ. ಮಗಳ ಸಿನಿಮಾ ಮೇಲಿದೆ ಕಣೋ ಅಂದೆ. ಪಾಪ, ಕೇಳದೆಯೇ ಹುಕ್ಕಾ ತಂದಿಟ್ಟ. ನನಗೆ ಹುಕ್ಕಾ ಎಳೆದರೂ ಹೊಗೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಜೋಡಿಸಿಟ್ಟ ಮೇಜುಗಳ ಸುತ್ತ ಜನವೋ ಜನ, ಪಗಡೆ ಹಲಗೆಯ ಸದ್ದು. ಅಷ್ಟು ಜನರ ನಡುವೆ ನಾನೊಬ್ಬನೇ ಕೂತಿದ್ದೆ ಮಗಳೇ.

ಅಷ್ಟರಲ್ಲಿ ಮಹ್ರೂಸ್ ದೊಡ್ಡ ತಟ್ಟೆಯ ತುಂಬ ಕೆಂಪು ಶರಬತ್ತಿನ ಲೋಟ ಜೋಡಿಸಿಕೊಂಡು ನಮ್ಮ ಮೆಟ್ಟಿಲು ಹತ್ತಿದ. ಶುಭ ಸುದ್ದಿ ಇಲ್ಲದೆ ಈ ಊರಲ್ಲಿ ಯಾರು ಕೆಂಪು ಶರಬತ್ತು ಹಂಚುತ್ತಾರೆ ಹೇಳು? ಮೇಲಿಂದ ಹೆಂಗಸೊಬ್ಬಳು ಮದುವೆಮನೆಯ ಹಾಗೆ ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದಳು. ನನಗೆ ತಡೆಯಲಾಗಲಿಲ್ಲ. ಮಂಡಿ ನೋವು ಮರೆತು ಎದ್ದು ನಿಂತು, “ನನ್ನ ಮಗಳು ಗೆದ್ದಳ್ರೋ!” ಅಂತ ಇಡೀ ಅಂಗಡಿಗೆ ಕೇಳುವ ಹಾಗೆ ಕೂಗಿಬಿಟ್ಟೆ. ಪಗಡೆಯವರು ಆಟ ಬಿಟ್ಟು ಬಂದು ನನ್ನ ಕೆನ್ನೆಗೆ ಮುತ್ತಿಟ್ಟರು. ಮುಖ ಪರಿಚಯವಿಲ್ಲದ ಮುದುಕನೊಬ್ಬ “ಇನ್ನು ಅವಳ ಮದುವೆ ಶರಬತ್ತು ಕುಡಿಸಿ” ಅಂತ ಹರಸಿದ.

ಏದುಸಿರು ಬಿಡುತ್ತಾ ಮೇಲೆ ಹೋದರೆ ಶರಬತ್ತು ನಮ್ಮ ಟೈಪಿಸ್ಟ್ ಸಮೀಹಾಳ ನಿಶ್ಚಿತಾರ್ಥದ್ದು. ಮತ ಆಗಲೇ ಮುಗಿದು, ಬಹುಮಾನ ಬೇರೆಯವರ ಪಾಲಾಗಿತ್ತು. ನನ್ನನ್ನು ಕರೆಯುವುದನ್ನೇ ಮರೆತು ಎಲ್ಲರೂ ಲೋಟ ಹಿಡಿದು ನಿಂತಿದ್ದರು. ಬಹೀಗಾ ಮೆಲ್ಲಗೆ ಹತ್ತಿರ ಬಂದು, “ಬೇಜಾರ್ ಮಾಡ್ಕೋಬೇಡಪ್ಪ, ನಾನು ಅವಳಿಗೇ ಕೈ ಎತ್ತಿದ್ದೆ. ಉಳಿದವರು, ‘ಮುದುಕ ಟೀ ಕುಡೀತಾನೆ, ಮತ್ತೆ ಟೀ ಕುಡೀತಾನೆ, ಕಥೆ ಎಲ್ರೀ’ ಅಂದ್ರು” ಅಂದಳು. ನಾನು ಸಮೀಹಾಳಿಗೆ “ನೂರ್ಕಾಲ ಚೆನ್ನಾಗಿರು ತಾಯಿ” ಅಂದು ಶರಬತ್ತು ಕುಡಿದೆ. ಕೆಳಗಿನವರಿಗೆ ಮುಖ ತೋರಿಸಲಾರದೆ ಹಿಂದಿನ ಬಾಗಿಲಿಂದ ಮನೆಗೆ ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕಣ್ಣುಗಳನ್ನು ಕಾಪಾಡಲಿ, ಅವು ಬಹಳ ನೋಡುತ್ತವೆ.

ನಿನ್ನ ಬಾಬಾ,
ವಗ್ದಿ

ಮತ್ತೆ: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಆದರೂ ಇದನ್ನು ಬರೆದೇ ಹೋಗುತ್ತೇನೆ. ಮತ ಮುಗಿಯಿತು, ಇನ್ನು ನನ್ನ ಬಾಯಿ ನನ್ನದು. ನಿನ್ನ ಸಿನಿಮಾ ನನಗೆ ತುಂಬಾ ಹಿಡಿಸಿತು ಕಣೇ. ಸಂಗೀತ ಜಾಸ್ತಿಯಾಯಿತು, ಆಸ್ಪತ್ರೆಯ ಭಾಗ ಎಳೆದಿದ್ದೀಯ, ಅದಿರಲಿ. ಆ ಮುದುಕ ಬೆಳಗ್ಗೆ ಎದ್ದು ಎರಡು ಲೋಟಕ್ಕೆ ಚಹಾ ಸುರಿದು, ಆಮೇಲೆ ನೆನಪಾಗಿ ಎರಡನೆಯದನ್ನೂ ತಾನೇ ಕುಡಿಯುತ್ತಾನಲ್ಲ, ಅಲ್ಲಿ ಅತ್ತುಬಿಟ್ಟೆ. ಅಮ್ಮ ಹೋದ ಮೇಲೆ ನಾನು ಹಾಗೆ ಮಾಡುವಾಗ ನೀನು ಮಲಗಿರುತ್ತೀಯ ಅಂದುಕೊಂಡಿದ್ದೆ. ಈಗ ಮೂರು ಲೋಟಕ್ಕೆ ಸುರಿಯುತ್ತಿದ್ದೇನೆ. ಬೇಗ ಬಾ, ಅಷ್ಟು ಚಹಾ ನನ್ನೊಬ್ಬನಿಂದ ಕುಡಿಯಲಾಗುವುದಿಲ್ಲ.