ಒಂಬತ್ತಕ್ಕೆ ಶುರುವಾಗುವ ಪ್ರವಾಸ

ರೀ,

ನಾನು ಹನ್ನೊಂದು ಜನರ ಈ ಮನೆಯ ಯಜಮಾನಿ. ನನ್ನನ್ನು ಕೇಳದೆ ಇಲ್ಲಿ ಯಾರೂ ಗೋಡೆಗೊಂದು ಮೊಳೆ ಹೊಡೆಯುವುದಿಲ್ಲ. ಅಂಥವಳನ್ನು ಇವತ್ತು ಸೊಸೆ ನಗೆಪಾಟಲು ಮಾಡಿದಳು.

ಹೋಗೋಣ ಬಾ ಎಂದು ನೀವು ವರ್ಷವರ್ಷವೂ ಕರೆಯುತ್ತಿದ್ದ ಆ ಪರದೇಶದ ಮಹಾನಗರವನ್ನು ಒಬ್ಬಳೇ ನೋಡಿಬರಲು ಆರು ದಿನದ ಪಟ್ಟಿ ಬರೆದಿದ್ದೆ.

“ಅತ್ತೆ, ಐದಕ್ಕೇ ಏಳೋರು ನೀವು. ಪಟ್ಟೀಲಿ ಒಂಬತ್ತರವರೆಗೆ ಏನೂ ಇಲ್ವಲ್ಲ? ಅರಮನೆ ಮೆಟ್ಟಿಲ ಹತ್ರ ಅರ್ಧ ಗಂಟೆ ಕೂರೋದು ಬೇರೆ! ಯಾರ ಮಂಡಿನೋವಿಗೆ?”

“ಸಾಕು, ಸುಮ್ನಿರೇ” ಎಂದೆ. ಅವಳು ನಕ್ಕಳು, ನನಗೂ ನಗು ಬಂತು. ನೀವು ತೀರಿಕೊಂಡು ಎರಡು ವರ್ಷವಾದರೂ ನಿಮ್ಮ ನಿದ್ದೆ, ನಿಮ್ಮ ಮಂಡಿ ನೋಡಿಕೊಂಡೇ ಬರೆದಿದ್ದೆ. “ಮುಂದಿನ ವರ್ಷ ನೋಡೋಣ” ಎನ್ನುತ್ತಿದ್ದವಳೂ ನಾನೇ.

“ತಿದ್ದಿಕೊಡ್ಲಾ?” ಎಂದಳು.

ಬೇಡವೆಂದೆ. ಒಂಬತ್ತರವರೆಗೆ ಹೊದ್ದು ಮಲಗುವ ಸುಖವೇನೆಂದು ನಾನೂ ನೋಡಬೇಕು. ಮಧ್ಯಾಹ್ನವೇ ಹೋಗಿ ಟಿಕೆಟ್ ತೆಗೆಸಿ ಬಂದೆ, ಒಂದೇ ಒಂದು.