ಗಿರಣಿ ಹೆಂಗಸರ ಫೋಟೋ

ಕ್ಯಾಮೆರಾ ಕಟ್ಟಿಕೊಂಡ ನನ್ನ ಮೊಮ್ಮಗಳಿಗೆ,

ಮುಖ ಊದಿಸಿಕೊಂಡು ಹೋದೆಯಲ್ಲ, ಇಳಿಯಿತೇನೇ? ನಮ್ಮ ಹತ್ತಿ ಗಿರಣಿಯ ಹೆಂಗಸರು ಕೆಲಸ ಮಾಡುವ ಫೋಟೋ ತೆಗೆಯಲು ಬಂದವಳು ನೀನು, ನಿಜ. ಅವರೆಲ್ಲ ಹೊಸ ಬಟ್ಟೆ ಹಾಕಿ, ಪೌಡರ್ ಬಳಿದುಕೊಂಡು, ಮದುವೆಗೆ ಹೊರಟವರ ಹಾಗೆ ಸಾಲಾಗಿ ನಿಂತರೆಂದು ಸಿಟ್ಟು. ಜೀವಮಾನವೆಲ್ಲ ಹತ್ತಿ ಧೂಳು ಹೊತ್ತವರು ಫೋಟೋದಲ್ಲೂ ಹಾಗೇ ಇರಬೇಕೇ?

"ಒಂದೂ ತೆಗೆಯದೆ ಹೋದಳಲ್ಲಕ್ಕಾ, ನಾವೇನು ಅಷ್ಟು ಕುರೂಪಿಗಳಾ?" ಎಂದು ನೂಲು ಸುತ್ತುವವಳು ಕೇಳಿದಳು. ನಿನ್ನನ್ನು ಮತ್ತೆ ಕರೆಸುತ್ತೇನೆಂದು ಅವಳಿಗೆ ಮಾತು ಕೊಟ್ಟುಬಿಟ್ಟೆ, ಕಣೇ!

ಬರುವ ವಾರ ಹಳೇ ಮಿಷಿನ್ನುಗಳನ್ನು ಕಿತ್ತು ಹೊಸವನ್ನು ಕೂರಿಸುತ್ತಾರಂತೆ. ಅಷ್ಟರೊಳಗೆ ಬಾ. ಮೊದಲು ಅವರು ಸಿಂಗರಿಸಿಕೊಂಡು ನಿಂತ ಫೋಟೋ ತೆಗೆದುಕೊಡು. ಆಮೇಲೆ ತಲೆಗೆ ಬಟ್ಟೆ ಕಟ್ಟಿ ಮಿಷಿನ್ನಿಗೆ ನಿಲ್ಲುತ್ತೇವೆ, ಕೈ ಸೋಲುವಷ್ಟು ತೆಗೆದುಕೊಳ್ಳಲಿ ಎಂದಿದ್ದಾರೆ. ಮೇಸ್ತ್ರಿಯನ್ನೂ ಒಪ್ಪಿಸಿದ್ದೇನೆ, ನನ್ನ ಬಾಯಿಗೆ ಹೆದರಿ ಹೂಂ ಅಂದ.

ಆ ಸಾಲಿನಲ್ಲಿ ನನಗೂ ಒಂದು ಜಾಗ ಇಡು. ನನ್ನ ಕೂದಲೂ ಹಣ್ಣಾದದ್ದು ಅದೇ ಗಿರಣಿಯಲ್ಲಿ ತಾನೆ? "ನಗು ಅಜ್ಜೀ" ಎಂದು ಮಾತ್ರ ಕಾಡಬೇಡ. ನೀನು ಬಾಗಿಲಲ್ಲಿ ಕಂಡರೆ ಅದು ತಾನಾಗಿ ಬರುತ್ತದೆ.

ದಾರಿ ನೋಡುತ್ತಿರುವ,
ನಿನ್ನ ಬಾಯಿಬಡುಕಿ ಅಜ್ಜಿ