ಸೇತುವೆಯಾಚೆಯ ಐದು ಮನೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 5.50

ಪಂಪ್ ತೊಳೆದು ಕುದಿಯುವ ನೀರಿಗೆ ಹಾಕಿದ್ದಾಯಿತು. ಎರಡು ಬಾಟಲಿ ಪುಟ್ಟಿಗೆ, ಒಂದು ಬ್ಯಾಂಕಿಗೆ. ಬ್ಯಾಂಕು ಅಂದರೆ ಅತ್ತೆಗೆ ಈಗಲೂ ನಗು. ಎದೆಹಾಲಿನ ಬ್ಯಾಂಕು. ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ ಒಂದು ಕೋಣೆ, ಮೂರು ಫ್ರೀಜರು, ಒಬ್ಬರು ಸಿಸ್ಟರು. ಪುಟ್ಟಿ ಏಳು ವಾರ ಮುಂಚೆಯೇ ಹುಟ್ಟಿದಾಗ ನನಗೆ ಹಾಲೇ ಇಳಿದಿರಲಿಲ್ಲ. ಹತ್ತೊಂಬತ್ತು ದಿನ ಯಾರ್ಯಾರದೋ ಹಾಲು ಕುಡಿದು ಬದುಕಿದಳು. ಈಗ ನನ್ನ ಸರದಿ.

ಕಣ್ಣು ಉರಿಯುತ್ತಿದೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದ್ದಾಳಾ ಅಂತ ಬಗ್ಗಿ ನೋಡುವುದು. ಆಡುತ್ತಿದ್ದಾಳೆ. ಮತ್ತೆ ನೋಡುವುದು.

ಹೆರಿಗೆ ರಜೆ ಮುಗಿಯಲು ನಾಲ್ಕು ವಾರ.

ಅದೇ ದಿನ, ಮಧ್ಯಾಹ್ನ 1.15

ಒಂಬತ್ತಕ್ಕೆ ಬರಬೇಕಾದ ವ್ಯಾನು ಈಗ ಬಂತು. ಡ್ರೈವರಣ್ಣ ಪೆಟ್ಟಿಗೆ ತೆರೆದರೆ ಐಸ್ ಅರ್ಧ ನೀರು.

“ಎಲ್ಲಿಂದ ಬಂದ್ರಿ ಅಣ್ಣಾ?”

“ಸ್ಟೇಷನ್ ಹಿಂದೆ ಒಂದು ಮನೆ, ಆಮೇಲೆ ಕಾಲೇಜ್ ಕಡೆ, ಆಮೇಲೆ ಮತ್ತೆ ಸ್ಟೇಷನ್ ಹತ್ರ.”

“ಸ್ಟೇಷನ್‌ಗೆ ಎರಡು ಸಲ?”

“ಲಿಸ್ಟಲ್ಲಿ ಹಾಗಿದೆ ತಾಯಿ. ನಾನು ಲಿಸ್ಟಿನ ಗುಲಾಮ.”

“ಕರಗಿದ್ದನ್ನ ಏನ್ ಮಾಡ್ತಾರೆ?”

“ಸಿಂಕಿಗೆ. ಆ ಹೊತ್ತಲ್ಲಿ ಸಿಸ್ಟರ್ ಮುಖ ನೋಡಕ್ಕಾಗಲ್ಲ.”

ಲಿಸ್ಟು ನೋಡಿದೆ. ಯಾರು ಮೊದಲು ಹೆಸರು ಕೊಟ್ಟರೋ ಅವರ ಮನೆ ಮೊದಲು. ಅಷ್ಟೇ ಲೆಕ್ಕಾಚಾರ.

ಆರು ವರ್ಷ ಐಸ್‌ಕ್ರೀಮ್ ಕಂಪನಿಯಲ್ಲಿ ವ್ಯಾನುಗಳಿಗೆ ದಾರಿ ಹಾಕಿಕೊಟ್ಟವಳು ನಾನು. ನಲವತ್ತು ವ್ಯಾನು, ಆರುನೂರು ಅಂಗಡಿ. ನೂರು ಡಬ್ಬದಲ್ಲಿ ಎರಡು ಕರಗಿದರೆ ಅವತ್ತು ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಐಸ್‌ಕ್ರೀಮಿಗೆ ಅಷ್ಟು ಸಂಕಟ ಪಟ್ಟವಳು…

ಕೈ ಸುಮ್ಮನಿರುತ್ತಿಲ್ಲ.

ಮಾರ್ಚ್ 5, ಬುಧವಾರ. ಸಂಜೆ

ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಬ್ಯಾಂಕಿಗೆ ಹೋಗಿದ್ದೆ. ಸಿಸ್ಟರ್ ಸ್ಟೂಲು ಎಳೆದು ಕೊಟ್ಟು, “ನೋಡಮ್ಮ, ಇದೇ ನಮ್ಮ ಸಾಮ್ರಾಜ್ಯ” ಅಂದರು. ಪಕ್ಕದ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹದಿನಾಲ್ಕು ಕೂಸು. ಹಾಲು ಒಂಬತ್ತಕ್ಕೆ ಸಾಲುತ್ತೆ.

“ಮಿಕ್ಕ ಐದಕ್ಕೆ?”

“ತೂಕ ಕಮ್ಮಿ ಇರೋವಕ್ಕೆ ಮೊದಲು. ಮಿಕ್ಕವಕ್ಕೆ ಹಾಲಿನ ಪುಡಿ. ದಿನಾ ಬೆಳಿಗ್ಗೆ ನಾನೇ ಆರಿಸ್ಬೇಕು. ಆ ಕೆಲಸಕ್ಕೆ ಬೇರೆ ಯಾರನ್ನಾದ್ರೂ ಇಡ್ರಪ್ಪ ಅಂತ ಡಾಕ್ಟರಮ್ಮಂಗೆ ಹೇಳಿ ಸಾಕಾಗಿದೆ.”

ಹಾಲು ಕೊಡುವ ಮೂವತ್ತೆಂಟು ಮನೆಗಳ ಫಾರಂ ಕೇಳಿ ಮನೆಗೆ ತಂದೆ.

ಮಾರ್ಚ್ 8, ಶನಿವಾರ. ಮಧ್ಯಾಹ್ನ 3.00

ಊಟದ ಮೇಜಿನ ಮೇಲೆ ಮ್ಯಾಪು. ಪುಟ್ಟಿ ತೊಡೆಯ ಮೇಲೆ. ಇವರು ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡುತ್ತಿದ್ದರು.

“ನೀನು ಮಲ್ಕೋ, ಮಗು ಇಸ್ಕೊಳ್ಳೋಣ ಅಂತ ಬಂದೆ.”

“ಹತ್ತು ನಿಮಿಷ.”

“ನೀನು ಹೀಗೆ ಪೆನ್ನು ಕಚ್ಕೊಂಡು ಕೂತಿದ್ದು ನೋಡಿ ಎಷ್ಟು ದಿನ ಆಗಿತ್ತು. ಕೂತ್ಕೋ.”

ಐದು ತಿಂಗಳಿಂದ ನನ್ನನ್ನು ಯಾರೂ ಹಾಲು, ನಿದ್ದೆ, ಭೇದಿ ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿಲ್ಲ. ಯಾರಾದರೂ ಕೇಳಲಿ ಅಂತ ಎಷ್ಟು ಹಂಬಲಿಸಿದ್ದೇನೆ ಅಂತ ಇವತ್ತೇ ಗೊತ್ತಾದದ್ದು.

ದಾರಿ ಸಿದ್ಧ. ಎರಡು ಸುತ್ತು. ಹನ್ನೊಂದರೊಳಗೆ ಎಲ್ಲ ಹಾಲೂ ಫ್ರೀಜರಿನಲ್ಲಿ. ಸೇತುವೆಯಾಚೆಯ ಐದು ಮನೆ ಬಿಡಬೇಕು — ದೂರ ಜಾಸ್ತಿ, ಬರುವ ಹಾಲು ಕಡಿಮೆ. ಕಂಪನಿಯಲ್ಲಿ ಇಂಥ ಅಂಗಡಿ ಬಿಡಲು ಎರಡನೇ ಸಲ ಯೋಚಿಸುತ್ತಿರಲಿಲ್ಲ. ಅದರಲ್ಲೊಂದು ಮನೆ ದಿನಕ್ಕೆ ಬರೀ ಅರವತ್ತು ಎಂ.ಎಲ್. ‘ಮಗುವಿನ ವಯಸ್ಸು’ ಅನ್ನುವಲ್ಲಿ ಗೆರೆ ಎಳೆದು ಬಿಟ್ಟಿದ್ದಾರೆ. ಫಾರಂ ಪೂರ್ತಿ ತುಂಬಿಸಿಕೊಳ್ಳಿ ಅಂತ ಸಿಸ್ಟರಿಗೆ ಹೇಳಬೇಕು.

ಐದೂ ಮನೆಗೆ ಮೆಸೇಜು ನಾನೇ ಬರೆದುಕೊಟ್ಟೆ. ಸಹಕಾರಕ್ಕೆ ವಂದನೆಗಳು, ಇನ್ನು ಮುಂದೆ ವ್ಯಾನು ಬರುವುದಿಲ್ಲ.

ಮಾರ್ಚ್ 14, ಶುಕ್ರವಾರ

ಐದು ದಿನದಿಂದ ಒಂದು ಬಾಟಲಿಯೂ ಸಿಂಕಿಗೆ ಹೋಗಿಲ್ಲ. ಹದಿನಾಲ್ಕಕ್ಕೆ ಹದಿನಾಲ್ಕೂ ಕೂಸಿಗೆ ಹಾಲು. ಫೋನಿನಲ್ಲಿ ಸಿಸ್ಟರ್ ಮೂಗು ಏರಿಸುವ ಸದ್ದು ಕೇಳಿಸಿತು.

ಬ್ಯಾಂಕಿನ ಡಾಕ್ಟರಮ್ಮ ಕರೆಸಿದ್ದರು. ನೇರ ಮಾತು. “ನಂಗೆ ಹಾಲು ಪರೀಕ್ಷೆ ಮಾಡಕ್ಕೆ ಬರುತ್ತೆ, ವ್ಯಾನ್ ಓಡಿಸೋ ಬುದ್ಧಿ ಇಲ್ಲ. ನೀವು ಬನ್ನಿ. ಇನ್ನೂ ಮೂರು ಆಸ್ಪತ್ರೆಯಲ್ಲಿ ಬ್ಯಾಂಕ್ ಶುರು ಮಾಡ್ಬೇಕು.” ಸಂಬಳ ಕೇಳಿದೆ. ಕಂಪನಿಯದರ ಅರ್ಧಕ್ಕಿಂತ ಕಡಿಮೆ. ಇವರಿಗೆ ಹೇಳಿದರೆ, “ನಿಭಾಯಿಸೋಣ, ಆದ್ರೆ ಖುಷಿಗೆ ಹೋಗ್ತಿದೀಯಾ, ಋಣ ತೀರಿಸೋಕಾ?” ಅಂದರು.

ಅತ್ತೆ: “ಎಂಬಿಎ ಓದಿ ಕೊನೆಗೆ ಹಾಲಿನ ವ್ಯಾನಾ? ನಮ್ಮ ಕಾಲದಲ್ಲಿ ಪಕ್ಕದ ಮನೆಯೋಳು ಸೆರಗು ಮುಚ್ಕೊಂಡು ಕುಡಿಸಿ ಹೋಗ್ತಿದ್ಲು. ಡಿಗ್ರಿ ಕೇಳ್ತಿರಲಿಲ್ಲ.” ಹೇಳಿದವರೇ ಪುಟ್ಟಿಯನ್ನು ಎತ್ತಿಕೊಂಡು, ನೀನು ಹೋಗಿ ಬರ್ತಿರು, ಇದು ನನ್ನ ಹತ್ರ ಇರತ್ತೆ ಅಂದರು.

ಕಂಪನಿಯ ಬಾಸ್ ಫೋನೂ ಇವತ್ತೇ. ಇಡೀ ವಲಯ ನನ್ನ ಕೈಗೆ ಕೊಡುತ್ತಾರಂತೆ. ಇಪ್ಪತ್ತೆಂಟರ ಸಂಜೆ ಐದರೊಳಗೆ ಉತ್ತರ ಬೇಕು.

ಮನಸ್ಸು ಎತ್ತ ಎಳೆಯುತ್ತದೆ ಅಂತ ಗೊತ್ತು. ಬರೆಯಲು ಹೆದರಿಕೆ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 10.00

ಡ್ರೈವರಣ್ಣ ಬಾಟಲಿ ತೆಗೆದುಕೊಂಡ ಮೇಲೂ ಹೋಗಲಿಲ್ಲ. ಚಪ್ಪಲಿಯಿಂದ ನೆಲ ಕೆರೆಯುತ್ತಾ ನಿಂತರು.

“ತಾಯಿ, ಹೇಳ್ಬಾರ್ದು ಅಂತಿದ್ದೆ. ನನ್ನ ಮನೆ ಸೇತುವೆ ಆಚೆ. ಆ ಅರವತ್ತು ಎಂ.ಎಲ್. ಅಮ್ಮ ದಿನಾ ಬೆಳಿಗ್ಗೆ ಗೇಟ್ ಹತ್ರ ಬಂದು ನಿಂತಿರ್ತಾರೆ. ನಾನು ತಲೆ ತಗ್ಗಿಸಿ ಹೋಗ್ತೀನಿ.”

“ಮೆಸೇಜ್ ಹೋಗಿದೆಯಲ್ಲ ಅಣ್ಣಾ.”

“ಹೋಗಿದೆ. ಅವರ ಕೂಸು ಎಂಟು ದಿನ ಇತ್ತು, ಅಷ್ಟೆ. ನಮ್ಮ ಆಸ್ಪತ್ರೆಯಲ್ಲೇ. ಆಮೇಲೆ ಹಾಲು ಬಂತು ನೋಡಿ. ನಾನು ದಿನಾ ಸುಮ್ನೆ ಹೇಳ್ತಿದ್ದೆ, ಇವತ್ತು ನಿಮ್ಮದು ಎರಡು ಮಗು ಕುಡೀತು ಅಂತ. ನಿಜಾನೋ ಸುಳ್ಳೋ. ಅಷ್ಟಕ್ಕೇ ಬಾಗಿಲು ತೆಗೀತಿದ್ರು.”

ಫಾರಂ ತೆಗೆದು ನೋಡಿದೆ. ಆ ಗೆರೆ. ತುಂಬಿಸಿಲ್ಲ ಅಂದುಕೊಂಡಿದ್ದೆ. ಅವಳು ತುಂಬಿಸಿದ್ದಳು.

ಮಾರ್ಚ್ 22, ಶನಿವಾರ. ಮಧ್ಯಾಹ್ನ 12.30

ಹೋಗಿ ಬಂದೆ. ಪುಟ್ಟಿಯನ್ನು ಅತ್ತೆಯ ಹತ್ತಿರ ಬಿಟ್ಟು. ಕರೆದುಕೊಂಡು ಹೋಗುವ ಧೈರ್ಯ ಆಗಲಿಲ್ಲ.

ನನಗಿಂತ ಚಿಕ್ಕವಳು. ದರ್ಜಿ. ಹೊಲಿಗೆ ಮಿಷನ್ನಿನ ಮೇಲಿದ್ದ ಬಟ್ಟೆ ಸರಿಸಿ ಕುರ್ಚಿ ಕೊಟ್ಟಳು. ಗಂಡ ಕೆಲಸಕ್ಕೆ ಹೋಗಿದ್ದ. ಕ್ಷಮಿಸಿ ಅಂತ ಶುರು ಮಾಡಿದೆ, ಅವಳು ಎದ್ದು ಫ್ರೀಜರ್ ತೆರೆದಳು. ಎರಡು ವಾರದ ಬಾಟಲಿ. ಒಂದೊಂದಕ್ಕೂ ತಾರೀಕು, ಗಂಟೆ.

“ಬೇಡ ಅಂತ ಮೆಸೇಜ್ ಓದಿದೆ ಅಕ್ಕಾ. ನಂಗೆ ಅರ್ಥ ಆಯ್ತು. ಇದಕ್ಕೆ ಅರ್ಥ ಆಗಲಿಲ್ಲ” ಅಂತ ಎದೆ ಮುಟ್ಟಿಕೊಂಡಳು. “ಐದು ಗಂಟೆಗೆ ಎಚ್ಚರ ಆಗ್ತಿತ್ತು. ಆದ್ರೆ ಈಗ ಕಮ್ಮಿ ಆಗ್ತಿದೆ. ನಿನ್ನೆ ಇಪ್ಪತ್ತೇ ಎಂ.ಎಲ್. ನಿಂತು ಹೋದ್ರೆ…”

ಬಾಟಲಿಗಳನ್ನೆಲ್ಲ ಐಸಿನ ಪೆಟ್ಟಿಗೆಯಲ್ಲಿ ತಂದು ಸಿಸ್ಟರಿಗೆ ಕೊಟ್ಟೆ.

ಮಾರ್ಚ್ 23, ಭಾನುವಾರ

ಮ್ಯಾಪು ಮತ್ತೆ ಹಾಸಿದೆ. ಸೇತುವೆ ದಾಟಿದರೆ ಐವತ್ತು ನಿಮಿಷ ಜಾಸ್ತಿ. ಕೊನೆಯ ಆರು ಮನೆಯ ಹಾಲು ಮತ್ತೆ ಕರಗುತ್ತದೆ. ದಾರಿ ಎಲ್ಲಿ ಎಳೆದರೂ ಅಷ್ಟೆ. ನನ್ನ ಲೆಕ್ಕ ತಪ್ಪಿರಲಿಲ್ಲ. ಅದೇ ಸಂಕಟ.

ಈ ಕೆಲಸಕ್ಕೆ ನಾನು ಸಲ್ಲುವವಳಲ್ಲವೇನೋ. ಅಂಗಡಿಗಳೇ ನನಗೆ ಸರಿ. ಅಂಗಡಿಗೆ ಗೇಟಿನ ಹತ್ತಿರ ನಿಂತು ಕಾಯಲು ಬರುವುದಿಲ್ಲ.

ಮಾರ್ಚ್ 25, ಮಂಗಳವಾರ. ಬೆಳಿಗ್ಗೆ 11.40

ಹಲ್ಲುಜ್ಜುವಾಗ ಹೊಳೆಯಿತು. ದೂರದ ಸಣ್ಣ ಅಂಗಡಿಗಳಿಗೆ ಕಂಪನಿ ವ್ಯಾನು ಹೋಗುತ್ತಿರಲಿಲ್ಲ ನಿಜ. ಆದರೆ ಆ ಕಡೆ ಯಾರಾದರೊಬ್ಬರ ಮನೆಯಲ್ಲಿ ಒಂದು ಫ್ರೀಜರ್ ಇಡುತ್ತಿದ್ದೆವು. ಎಲ್ಲರಿಗೂ ಅಲ್ಲಿಂದಲೇ. ಇಲ್ಲಿ ಅದನ್ನೇ ತಿರುಗಿಸಿದರೆ? ಐದು ಮನೆಯ ಹಾಲು ಒಂದು ಮನೆಗೆ. ಅಲ್ಲಿಂದ ಆಸ್ಪತ್ರೆಗೆ ಬೆಳಿಗ್ಗೆ ಕೆಲಸಕ್ಕೆ ಬರುವಾಗ ಡ್ರೈವರಣ್ಣನೇ ತರಬಹುದು. ಕೇಳಿದೆ. “ದಾರಿಯಲ್ಲೇ ಇದೆಯಲ್ಲ ತಾಯಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ” ಅಂದರು.

ಫ್ರೀಜರ್ ಇದ್ದ ಆ ದರ್ಜಿಯ ಮನೆಗೆ ಓಡಿದೆ. ನಾಲ್ಕು ಮನೆಗೆ ಹೋಗಿ ಬಾಟಲಿ ತರುತ್ತೀರಾ ಅಂತ ಕೇಳಿಯೇಬಿಟ್ಟೆ.

ಅವಳು ಕತ್ತರಿ ಕೆಳಗಿಟ್ಟಳು. “ನಾಲ್ಕು ಮನೆ. ನಾಲ್ಕು ತೊಟ್ಟಿಲು ನೋಡಿ ಬರ್ಬೇಕಾ ನಾನು?”

ಮತ್ತೆ ಎಡವಿದೆ. ಎರಡನೇ ಸಲ, ಅದೇ ಮನೆಯಲ್ಲಿ. ಎದ್ದು ಹೊರಟೆ. ಗೇಟು ದಾಟುವಾಗ ಹಿಂದಿನಿಂದ ಕೇಳಿಸಿತು.

“ನಾನು ಹೋಗಲ್ಲ. ಬೇಕಾದ್ರೆ ಅವರು ಬರ್ಲಿ. ಗಂಡಂದಿರು ಬಂದು ಕೊಟ್ಟು ಹೋಗ್ಲಿ. ನಾನು ಬರ್ಕೊಂಡು ಇಟ್ಟಿರ್ತೀನಿ.”

ಮಾರ್ಚ್ 28, ಶುಕ್ರವಾರ. ಸಂಜೆ 4.35

ಎರಡು ದಿನದಿಂದ ನಾಲ್ಕೂ ಮನೆಯವರು ಅವಳ ಮನೆಗೆ ಬಂದು ಕೊಟ್ಟು ಹೋಗುತ್ತಿದ್ದಾರೆ. ಒಬ್ಬ ಗಂಡ ಲೇಬಲ್ಲಿಲ್ಲದೆ ತಂದನಂತೆ, ವಾಪಸ್ ಕಳಿಸಿದಳಂತೆ. ಸಿಸ್ಟರಿಗೆ ಭಾರಿ ಖುಷಿ — “ನನಗಿಂತ ಜೋರಿದಾಳೆ.”

ಡಾಕ್ಟರಮ್ಮ ಕೊಟ್ಟ ಕೆಲಸದ ಕಾಗದ ಮೇಜಿನ ಮೇಲಿದೆ. ಸಹಿ ಹಾಕಿಲ್ಲ. ಬಾಸಿಗೂ ಫೋನ್ ಮಾಡಿಲ್ಲ. ಕಂಪನಿಯ ಆ ಗಾಜಿನ ಕೋಣೆ, ಎ.ಸಿ., ನನ್ನ ಹೆಸರಿನ ಬೋರ್ಡು — ಆಸೆಯಿಲ್ಲ ಅಂದರೆ ಸುಳ್ಳು.

ಈಗಷ್ಟೇ ಅವಳು ಫೋನ್ ಮಾಡಿದ್ದಳು. ಲೆಕ್ಕ ಒಪ್ಪಿಸಿದಳು. ನಾಲ್ಕು ಮನೆ, ಹನ್ನೊಂದು ಬಾಟಲಿ. ಹಿಂದೆ ಹೊಲಿಗೆ ಮಿಷನ್ನಿನ ಸದ್ದಿರಲಿಲ್ಲ.

“ಅಕ್ಕಾ, ನಂದು ಇವತ್ತು ಬರಲಿಲ್ಲ. ಒಂದು ತೊಟ್ಟೂ ಇಲ್ಲ.”

ಅವಳೇ ಮುಂದೆ ಕೇಳಿದಳು.

“ಆದ್ರೂ ನಾಳೆ ಅಣ್ಣ ಬರ್ತಾರಲ್ಲ?”

“ಬರ್ತಾರೆ.”

“ನಾಡಿದ್ದು?”

“ದಿನಾ ಬರ್ತಾರೆ. ನಾನಿದೀನಿ.”

ಬಾಯಿಂದ ಬಂದೇಬಿಟ್ಟಿತು. ಸಹಿ ಹಾಕದವಳು ಯಾವ ಅಧಿಕಾರದ ಮೇಲೆ ಹೇಳಿದೆನೋ. ಅವಳು ನಂಬಿ ಫೋನ್ ಇಟ್ಟಳು.

ಐದಕ್ಕೆ ಹತ್ತು ನಿಮಿಷ. ಬಾಸಿಗೆ ಹೇಗೆ ಶುರು ಮಾಡುವುದು — ಸಾರ್, ನೀವು ಬೇರೆ ಯಾರನ್ನಾದರೂ —

ಪುಟ್ಟಿ ಎದ್ದಳು. ಒಂದು ಕೈಯಲ್ಲಿ ಅವಳನ್ನು ಎತ್ತಿಕೊಂಡು ಇದೇ ಪೆನ್ನಿನಲ್ಲಿ ಡಾಕ್ಟರಮ್ಮನ ಕಾಗದಕ್ಕೆ ಸಹಿ ಹಾಕಿದೆ.